ತಡವಳದ ಬಯಲು, ಬೆನ್ನ ಮೇಲಿನ ಒಲೆ

ಸೊಲ್ಲಾಪುರದಿಂದ ವಿಜಯಪುರದ ಕಡೆಗೆ ಹೊರಟ ರೈಲು ಹೋಟಗಿ ಜಂಕ್ಷನ್ ದಾಟಿತೆಂದರೆ ಕಿಟಕಿಯಾಚೆ ಬಯಲು ಬಿಚ್ಚಿಕೊಳ್ಳುತ್ತದೆ. ಕಣ್ಣು ಹರಿಯುವಷ್ಟು ದೂರ ಎರೆಭೂಮಿ. ನಡುನಡುವೆ ಒಂದೊಂದು ಬೇವು, ಬದುವಿನ ಮೇಲೆ ಜಾಲಿ, ನೀರಿದ್ದ ಕಡೆ ಕಬ್ಬು, ಉಳಿದಂತೆ ಜೋಳ ಮತ್ತು ತೊಗರಿ. ಈ ಬಯಲಿನಲ್ಲಿರುವ ಊರು ತಡವಳ. ರಾಜ್ಯ ಮಹಾರಾಷ್ಟ್ರ, ಜಿಲ್ಲೆ ಸೊಲ್ಲಾಪುರ, ತಾಲ್ಲೂಕು ಅಕ್ಕಲಕೋಟೆ. ಆದರೆ ಈ ಸೀಮೆಯ ಹಳ್ಳಿಗಳ ಕಟ್ಟೆಯ ಮೇಲೆ ಕುಳಿತರೆ ಕಿವಿಗೆ ಬೀಳುವುದು ನಮ್ಮದೇ ಕನ್ನಡ. ಕಚೇರಿಯ ಬೋರ್ಡು ಮರಾಠಿ, ಸಂತೆಯ ಚೌಕಾಸಿ ಕನ್ನಡ. ದಕ್ಷಿಣಕ್ಕೆ ಭೀಮಾ ನದಿ, ಅದರಾಚೆ ವಿಜಯಪುರ ಜಿಲ್ಲೆ. ಎರಡು ಭಾಷೆಗಳು ಜಗಳವಾಡದೆ ಒಂದೇ ಅಂಗಳದಲ್ಲಿ ಕಾಳು ಹೆಕ್ಕುವ ಸೀಮೆ ಇದು.

ಇದು ನಡೆಯುವವರ ಸೀಮೆಯೂ ಹೌದು. ಆಷಾಢ ಬಂತೆಂದರೆ ಪಂಢರಪುರಕ್ಕೆ ದಿಂಡಿಗಳು ಹೊರಡುತ್ತವೆ. ಯುಗಾದಿಗೆ ಮುನ್ನ, ಬೇಸಿಗೆಯ ಬಿಸಿಲಿನಲ್ಲಿ, ಶ್ರೀಶೈಲದ ಕಡೆಗೆ ಪಾದಯಾತ್ರಿಗಳು ಸಾಲುಗಟ್ಟುತ್ತಾರೆ. ಸ್ವಾಮಿ ಸಮರ್ಥರ ಅಕ್ಕಲಕೋಟೆಗೆ ವರ್ಷವಿಡೀ ಜನ ಬರುತ್ತಾರೆ. ನಮ್ಮ ಧರ್ಮಕೇಂದ್ರಗಳಿಂದಲೂ ಆಗಸ್ಟ್ ತಿಂಗಳಲ್ಲಿ ವೇಳಾಂಗಣಿಗೆ ಕಾಲ್ನಡಿಗೆಯಲ್ಲಿ ಹೋಗುವವರಿದ್ದಾರೆ. ಈಚಿನ ವರ್ಷಗಳಲ್ಲಿ ಯುವಕರು ಬೆನ್ನಿಗೆ ಚೀಲ ಕಟ್ಟಿ ಬೆಟ್ಟ, ಬಯಲು ಸುತ್ತುವುದೂ ಹೆಚ್ಚಾಗಿದೆ. ಹರಕೆಯಾಗಲಿ, ಹವ್ಯಾಸವಾಗಲಿ, ನಡೆಯುವವನಿಗೆ ಸಂಜೆಯ ಹೊತ್ತಿಗೆ ಏಳುವ ಪ್ರಶ್ನೆ ಒಂದೇ: ಒಲೆ ಯಾವುದು, ಉರಿಸುವುದು ಏನನ್ನು?

ಪ್ರಿಯ ಓದುಗರೇ, ಈ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದರಲ್ಲಿ ಇನ್ನೊಬ್ಬರ ಪಾಲಿನ ಪ್ರಶ್ನೆಯಿದೆ, ನಮ್ಮ ಜೀವದ ಪ್ರಶ್ನೆಯೂ ಇದೆ.

ಕಟ್ಟಿಗೆ ಯಾರದು?

ಪಶ್ಚಿಮಘಟ್ಟದ ಕಾಡಿನ ಅಂಚಿನಲ್ಲಿ ಬೆಳೆದವರಿಗೆ ಒಣಕಟ್ಟಿಗೆ ಎಂದರೆ ಬಿಟ್ಟಿ ಸಿಗುವ ವಸ್ತು. ಎರೆಸೀಮೆಯಲ್ಲಿ ಹಾಗಲ್ಲ. ಇಲ್ಲಿ ಜೋಳದ ದಂಟು ದನಗಳ ಮೇವು. ಅದನ್ನು ಬಣವೆ ಒಟ್ಟಿ ವರ್ಷವಿಡೀ ಕಾಪಾಡುತ್ತಾರೆ. ತೊಗರಿ ಕಟ್ಟಿಗೆ ಮನೆಯ ಒಲೆಗೆ. ಸಗಣಿ ಕುಳ್ಳಾಗಿ ಗೋಡೆ ಸೇರುತ್ತದೆ. ಹೊಲದ ಬದುವಿನಲ್ಲಿ ಬಿದ್ದಿರುವ ಜಾಲಿಯ ಕೊಂಬೆಗೂ ಒಬ್ಬ ಒಡತಿ ಇರುತ್ತಾಳೆ. ನಾಳೆ ಬೆಳಿಗ್ಗೆ ಅವಳು ಅದನ್ನು ಹೊರೆ ಕಟ್ಟಲಿದ್ದಾಳೆ. ನಲವತ್ತು ಜನರ ತಂಡವೊಂದು ಸಂಜೆ ಬಂದು ಮೂರು ಕಲ್ಲು ಹೂಡಿ ಅನ್ನ ಬೇಯಿಸಿದರೆ, ಒಂದು ಬಡಮನೆಯ ಹಲವು ದಿನಗಳ ಉರುವಲು ಬೂದಿಯಾದಂತೆ. ಕೇಳಿದರೆ ಇಲ್ಲಿಯ ಜನ ಇಲ್ಲವೆನ್ನುವವರಲ್ಲ. ಅದಕ್ಕೇ ಕೇಳದಿರುವುದು ಒಳ್ಳೆಯದು.

ಹೀಗಾಗಿ ಇಂಥ ಬಯಲಿನಲ್ಲಿ ನಡೆಯುವವನು ತನ್ನ ಬೆಂಕಿಯನ್ನು ತಾನೇ ಹೊತ್ತುಕೊಂಡು ಹೋಗಬೇಕು. ಎಣ್ಣೆ ಒಲೆಯ ಅಗತ್ಯ ಶುರುವಾಗುವುದು ಇಲ್ಲಿಂದಲೇ.

ಗಾಳಿಯದೂ ಒಂದು ಮಾತಿದೆ. ಸೊಲ್ಲಾಪುರ ಮಳೆಯ ನೆರಳಿನ ನಾಡು. ಆಷಾಢದಲ್ಲಿ ಮೋಡ ಹಾಯುತ್ತದೆ, ಮಳೆ ಕಡಿಮೆ, ಗಾಳಿ ಮಾತ್ರ ದಿನವಿಡೀ. ತಡೆಯಲು ಗುಡ್ಡವಿಲ್ಲ, ಮರವಿಲ್ಲ. ಇಂಥ ಗಾಳಿಯಲ್ಲಿ ತೆರೆದ ಉರಿಯ ಬಹುಪಾಲು ಬಿಸಿ ಪಾತ್ರೆಯನ್ನು ಮುಟ್ಟುವುದೇ ಇಲ್ಲ.

ಬತ್ತಿಯಿಂದ ಪಂಪಿಗೆ

ಸೀಮೆಎಣ್ಣೆಗೆ ಈ ಭಾಗದಲ್ಲಿ ಹೆಸರುಗಳು ಹಲವು. ಕನ್ನಡದ ಹಿರಿಯರು ಚಿಮಣಿ ಎಣ್ಣಿ ಎನ್ನುತ್ತಾರೆ. ಮರಾಠಿಯವರಿಗೆ ಅದು ರಾಕೇಲ್ ಅಥವಾ ಘಾಸಲೇಟ್. ಒಂದು ಕಾಲದಲ್ಲಿ ಅದು ದೀಪಕ್ಕೂ ಬೇಕು, ಒಲೆಗೂ ಬೇಕು. 1970ರ ದಶಕದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಸಂಶೋಧನಾ ಕೇಂದ್ರ ‘ನೂತನ್’ ಎಂಬ ಬತ್ತಿಯ ಸ್ಟೋವನ್ನು ರೂಪಿಸಿದಾಗ ಎಷ್ಟೋ ಮಧ್ಯಮವರ್ಗದ ಅಡುಗೆಮನೆಗಳಿಗೆ ಅದು ಬಂತು. ಅದಕ್ಕೂ ಹಳೆಯದು ಹಿತ್ತಾಳೆಯ ಪಂಪ್ ಸ್ಟೋವ್. ಅದರ ಭರ್ರೆನ್ನುವ ಸದ್ದು ಕೇಳಿದ ಕೂಡಲೇ ಚಹಾ ನೆನಪಾಗುವ ಪೀಳಿಗೆ ಇನ್ನೂ ನಮ್ಮ ನಡುವೆ ಇದೆ.

ಆ ಪಂಪ್ ಸ್ಟೋವಿನ ಮೂಲ ಸ್ವೀಡನ್ ದೇಶ. ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬವರು 1892ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಸಿ ಬಿಡದ ಸೀಮೆಎಣ್ಣೆ ಒಲೆಯನ್ನು ತಯಾರಿಸಿದರು. ಪ್ರೈಮಸ್ ಎಂಬ ಹೆಸರಿನಲ್ಲಿ ಅದು ಲೋಕವೆಲ್ಲ ಸುತ್ತಿತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ತಂಡದ ಬಳಿ ಇದ್ದದ್ದು ಇದೇ. 1953ರ ಮೇ 29ರ ಬೆಳಿಗ್ಗೆ, ಎವರೆಸ್ಟ್ ಶಿಖರಕ್ಕೆ ಹೊರಡುವ ಮುನ್ನ, ಹಿಲರಿ ತಮ್ಮ ಹೆಪ್ಪುಗಟ್ಟಿದ ಬೂಟುಗಳನ್ನು ಕಾಯಿಸಿ ಮೆತ್ತಗಾಗಿಸಿಕೊಂಡದ್ದೂ ಇಂಥ ಒಲೆಯ ಮೇಲೆಯೇ.

ಇದರ ಗುಟ್ಟು ಸರಳ. ಸೀಮೆಎಣ್ಣೆ ದ್ರವವಾಗಿದ್ದಾಗ ಉರಿದರೆ ಹಳದಿ ಜ್ವಾಲೆ, ಹೊಗೆ, ಮಸಿ. ಆವಿಯಾಗಿ, ಗಾಳಿಯೊಡನೆ ಬೆರೆತು ಉರಿದರೆ ನೀಲಿ ಜ್ವಾಲೆ, ಹೆಚ್ಚು ಬಿಸಿ. ಆದ್ದರಿಂದ ಮೊದಲು ಬರ್ನರಿನ ಕೆಳಗಿನ ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಹಚ್ಚಬೇಕು. ಬರ್ನರ್ ಚೆನ್ನಾಗಿ ಕಾದ ಮೇಲೆ ಪಂಪ್ ಹೊಡೆದರೆ, ಒತ್ತಡಕ್ಕೆ ಮೇಲೇರಿದ ಎಣ್ಣೆ ಆ ಕಾವಿಗೆ ಆವಿಯಾಗಿ ಸಣ್ಣ ರಂಧ್ರದಿಂದ ಹೊರಬರುತ್ತದೆ. ಒಮ್ಮೆ ಹತ್ತಿತೆಂದರೆ ತನ್ನ ಬಿಸಿಯಿಂದ ತಾನೇ ಆವಿ ಮಾಡಿಕೊಳ್ಳುತ್ತದೆ. ಅವಸರ ಮಾಡಿ, ಕಾಯುವ ಮುನ್ನವೇ ಪಂಪ್ ಹೊಡೆದವನಿಗೆ ಮಾತ್ರ ಹಸಿ ಎಣ್ಣೆ ಚಿಮ್ಮಿ ಮಾರುದ್ದ ಜ್ವಾಲೆ ಏಳುತ್ತದೆ. ತಾಳ್ಮೆ ಇಲ್ಲದವನ ಒಲೆಯಲ್ಲ ಇದು.

ಬೆನ್ನಿನ ಚೀಲಕ್ಕೆಂದು ಈಗ ತಯಾರಾಗುವ ಒಲೆಗಳೂ ಇದೇ ತತ್ತ್ವದವು. ಎಣ್ಣೆಯ ಬಾಟಲಿ ಬೇರೆ, ಬರ್ನರ್ ಬೇರೆ, ನಡುವೆ ಒಂದು ನಳಿಕೆ. ಮಡಿಸಿದರೆ ಪಾತ್ರೆಯೊಳಗೆ ಕೂರುತ್ತದೆ. ಕೆಲವು ಒಲೆಗಳು ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಎಲ್ಲವನ್ನೂ ಉರಿಸಬಲ್ಲವು. ಆದರೆ ಎಣ್ಣೆಗೆ ತಕ್ಕಂತೆ ರಂಧ್ರದ ಬಿಲ್ಲೆಯನ್ನು ಬದಲಿಸಬೇಕು. ಅಡುಗೆಮನೆಯ ಹಳೆಯ ಸೀಮೆಎಣ್ಣೆ ಸ್ಟೋವಿಗೆ ಮಾತ್ರ ಪೆಟ್ರೋಲ್ ಹಾಕುವಂತಿಲ್ಲ. ಹಾಕಿದರೆ ಅದು ಒಲೆಯಲ್ಲ, ಸಿಡಿಮದ್ದು.

ಎಷ್ಟು ಎಣ್ಣೆ ಬೇಕು?

ಇದಕ್ಕೆ ಒಂದು ಲೆಕ್ಕವಿದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಬೇಕಾದ ಶಾಖಕ್ಕೆ, ಒಲೆಯ ಬಿಸಿಯ ಅರ್ಧಭಾಗ ಪಾತ್ರೆಗೆ ಸೇರುತ್ತದೆಂದು ಹಿಡಿದರೆ, ಸುಮಾರು 20 ಮಿಲಿಲೀಟರ್ ಸೀಮೆಎಣ್ಣೆ ಸಾಕು. ಇಬ್ಬರು ದಿನಕ್ಕೆ ಎರಡು ಸಲ ಚಹಾ, ಒಂದು ಸಲ ಅನ್ನ-ಬೇಳೆ ಮಾಡಿಕೊಂಡರೆ 150ರಿಂದ 200 ಮಿಲಿಲೀಟರ್ ಇಟ್ಟುಕೊಳ್ಳುವುದು ಕ್ಷೇಮ. ಗಾಳಿಗೆ ಮರೆಯಿಲ್ಲದಿದ್ದರೆ ಈ ಲೆಕ್ಕ ಇಮ್ಮಡಿಯಾದೀತು. ಆದ್ದರಿಂದ ತಗಡಿನ ಒಂದು ಮಡಿಸುವ ಮರೆ, ಪಾತ್ರೆಗೆ ಸರಿಯಾದ ಮುಚ್ಚಳ, ಇವೆರಡೂ ಒಲೆಯಷ್ಟೇ ಮುಖ್ಯ. ಬೇಳೆಯನ್ನು ಮಧ್ಯಾಹ್ನವೇ ನೆನೆಸಿಟ್ಟರೆ ಇನ್ನಷ್ಟು ಉಳಿತಾಯ.

ಆದರೆ ಈ ಸೀಮೆಯ ತಾಯಂದಿರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಗೊತ್ತಿದೆ. ಅದು ಕಡಕ್ ರೊಟ್ಟಿ. ಜೋಳದ ಹಿಟ್ಟನ್ನು ತೆಳ್ಳಗೆ ತಟ್ಟಿ, ಬೇಯಿಸಿ, ಗರಿಗರಿಯಾಗಿ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಸೊಲ್ಲಾಪುರದ ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ನೀರಿದ್ದರೆ ಊಟ ಮುಗಿಯಿತು, ಒಲೆಯೇ ಬೇಡ. ಮನೆಯ ಹಂಚಿನ ಮೇಲೆ ಮೊದಲೇ ಉರಿದು ಮುಗಿದ ಬೆಂಕಿಯನ್ನು ಬುತ್ತಿಯಲ್ಲಿ ಕಟ್ಟಿಕೊಂಡು ಹೋದಂತೆ. ಒಲೆ ಬೇಕಾಗುವುದು ಚಹಾಕ್ಕೆ, ಕುಡಿಯುವ ನೀರು ಕುದಿಸಲು ಮತ್ತು ಕಾಯಿಲೆಯವರಿಗೆ ಗಂಜಿ ಕಾಯಿಸಲು ಮಾತ್ರ.

ಇಂದು ಎಣ್ಣೆ ಸಿಗುತ್ತದೆಯೇ?

ಪುಸ್ತಕ ಓದಿ ಒಲೆ ಕೊಂಡವರು ಎಡವುವುದು ಇಲ್ಲಿ. ಹೊರದೇಶದ ಬರಹಗಳು ಶುದ್ಧ ಬಿಳಿ ಪೆಟ್ರೋಲನ್ನು ಹೊಗಳುತ್ತವೆ. ಅದು ನಮ್ಮ ಹಳ್ಳಿಗಳ ಅಂಗಡಿಯಲ್ಲಿ ಸಿಗುವ ಸರಕಲ್ಲ. ಸೀಮೆಎಣ್ಣೆ ಹಿಂದೆ ಪ್ರತಿ ಹಳ್ಳಿಯ ರೇಷನ್ ಅಂಗಡಿಯಲ್ಲಿ, ನೀಲಿ ಬಣ್ಣ ಬೆರೆಸಿಕೊಂಡು, ಸಿಗುತ್ತಿತ್ತು. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಆರಂಭವಾಗಿ ಗ್ಯಾಸ್ ಬಡವರ ಮನೆಗೂ ಬಂತು. ಅದೇ ವರ್ಷದಿಂದ ಸೀಮೆಎಣ್ಣೆಯ ಬೆಲೆಯನ್ನು ಪೈಸೆ ಪೈಸೆಯಾಗಿ ಏರಿಸಲಾಯಿತು. 2020ರ ಹೊತ್ತಿಗೆ ಅದರ ಮೇಲಿನ ಸಬ್ಸಿಡಿಯೂ ಮುಗಿಯಿತು. ಹೊಗೆಯಿಂದ ಕೆಮ್ಮುತ್ತಿದ್ದ ತಾಯಂದಿರಿಗೆ ಒಳ್ಳೆಯದೇ ಆಯಿತು. ದಾರಿ ನಡೆಯುವವನಿಗೆ ಮಾತ್ರ ಹಳ್ಳಿಯಲ್ಲಿ ಎಣ್ಣೆ ಸಿಕ್ಕೇ ಸಿಗುತ್ತದೆಂಬ ಭರವಸೆ ಹೋಯಿತು.

ಪೆಟ್ರೋಲ್ ಹೆದ್ದಾರಿಯುದ್ದಕ್ಕೂ ಇದೆ. ಆದರೆ ಬಿಡಿಯಾಗಿ ಬಾಟಲಿಗೆ ಹಾಕಿಕೊಡಲು ಬಂಕಿನವರು ಒಪ್ಪುವುದು ಕಷ್ಟ. ಮೇಲಾಗಿ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ಒಲೆಯ ರಬ್ಬರ್ ವಾಷರುಗಳಿಗೆ ಅದು ಒಗ್ಗಲಿಕ್ಕಿಲ್ಲ. ಕಡೆಯ ಉಪಾಯವಾಗಿ ಇರಲಿ, ಮೊದಲ ಆಯ್ಕೆ ಬೇಡ.

ನಮ್ಮ ಅನುಭವದಲ್ಲಿ ಆಯ್ಕೆ ಹೀಗೆ. ಸಾಮಾನಿನ ಗಾಡಿಯೊಂದಿಗೆ ಹೊರಡುವ ದೊಡ್ಡ ತಂಡಕ್ಕೆ 5 ಕಿಲೋ ಗ್ಯಾಸ್ ಸಿಲಿಂಡರ್ ಸಾಕು, ಎಣ್ಣೆ ಒಲೆಯ ಹಂಬಲ ಬೇಡ. ಬೆನ್ನ ಮೇಲೆ ಹೊತ್ತು ನಡೆಯುವ ಮೂರು ನಾಲ್ಕು ಜನರಿಗೆ, ವಾರಕ್ಕೂ ಮಿಕ್ಕಿದ ಪಯಣವಾದರೆ, ಹಲವು ಎಣ್ಣೆಗಳನ್ನು ಉರಿಸುವ ಒಲೆ ಒಳ್ಳೆಯದು. ಸೀಮೆಎಣ್ಣೆ ಎಲ್ಲಿ ಸಿಗುವುದೆಂದು ಹೊರಡುವ ಮೊದಲೇ ವಿಚಾರಿಸಿರಬೇಕು. ಎರಡು ಮೂರು ದಿನದ ನಡಿಗೆಗೆ ಸಣ್ಣ ಡಬ್ಬಿಯ ಗ್ಯಾಸ್ ಒಲೆ ಹಗುರ. ಒಂದೇ ದಿನದ ನಡಿಗೆಗೆ ರೊಟ್ಟಿಯ ಬುತ್ತಿ, ಹಳ್ಳಿಯ ಹೋಟೆಲಿನ ಚಹಾ. ಆ ಚಹಾದ ದುಡ್ಡು ಊರಿನವರಿಗೇ ಸೇರಲಿ. ಒಟ್ಟಿನಲ್ಲಿ ಒಲೆಯನ್ನು ಅಂಗಡಿಯ ಗಾಜಿನಲ್ಲಿ ನೋಡಿ ಆರಿಸಬಾರದು. ನಡೆಯುವ ದಾರಿಯನ್ನು ನೋಡಿ ಆರಿಸಬೇಕು.

ಜೀವದ ಮಾತು

2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಲಕ್ನೋ ಕಡೆಯಿಂದ ಬಂದಿದ್ದ ಯಾತ್ರಿಕರು ನಿಯಮ ಮೀರಿ ಗ್ಯಾಸ್ ಸಿಲಿಂಡರ್ ತಂದಿದ್ದರು. ಚಹಾ ಕಾಯಿಸಲು ಹೋದಾಗ ದುರಂತವಾಯಿತು. ಒಂಬತ್ತು ಜನ ತೀರಿಕೊಂಡರು. ತಡವಳದಂಥ ಊರಿಗೆ ನಾವು ಹೋಗುವುದೂ ರೈಲಿನಲ್ಲೇ. ಎಣ್ಣೆ, ಗ್ಯಾಸ್, ಸ್ಪಿರಿಟ್ ಯಾವುದನ್ನೂ ರೈಲಿನಲ್ಲಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯಿದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಒಲೆಯನ್ನು ತೊಳೆದು, ಒಣಗಿಸಿ, ಖಾಲಿಯಾಗಿ ಒಯ್ಯಿರಿ; ಎಣ್ಣೆಯನ್ನು ಇಳಿದ ಮೇಲೆ ಕೊಳ್ಳಿರಿ.

ಉಳಿದ ಮಾತುಗಳನ್ನು ಮಕ್ಕಳಿಗೂ ಹೇಳಿಕೊಡಿ. ಬಿಸಿಯಿರುವ ಒಲೆಗೆ ಎಣ್ಣೆ ತುಂಬಬಾರದು. ಬಾಟಲಿಯನ್ನು ಕಂಠದವರೆಗೆ ತುಂಬದೆ, ಹಿಗ್ಗಲು ಜಾಗ ಬಿಡಬೇಕು. ಗುರುತಿಲ್ಲದವರಿಂದ ಕಲಬೆರಕೆ ಎಣ್ಣೆ ಕೊಳ್ಳಬಾರದು. ಟೆಂಟಿನೊಳಗೆ ಅಥವಾ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಲೆ ಹಚ್ಚಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ. ನೈಲಾನ್ ಬಟ್ಟೆ, ಜೋತುಬಿದ್ದ ಸೆರಗು ಒಲೆಯ ಹತ್ತಿರ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚದೆ, ಮಣ್ಣು ಹಾಕಿ ಇಲ್ಲವೆ ಒದ್ದೆ ಗೋಣಿಚೀಲ ಮುಚ್ಚಿ ಆರಿಸಬೇಕು. ಸುಟ್ಟ ಜಾಗಕ್ಕೆ ಪೇಸ್ಟು, ಮಸಿ ಹಚ್ಚದೆ, 20 ನಿಮಿಷ ತಣ್ಣೀರು ಹರಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕೊನೆಗೆ ಒಂದು ಸಣ್ಣ ವಾಷರಿನ ಮಾತು. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುತ್ತಿದ್ದ ಸ್ಕಾಟ್ ಮತ್ತು ಸಂಗಡಿಗರಿಗೆ, ದಾರಿಯಲ್ಲಿ ಹೂತಿಟ್ಟಿದ್ದ ಎಣ್ಣೆಯ ಡಬ್ಬಿಗಳಲ್ಲಿ ಎಣ್ಣೆ ಕಡಿಮೆಯಾಗಿರುವುದು ಕಂಡಿತು. ಮುಚ್ಚಳದ ಚರ್ಮದ ವಾಷರುಗಳು ಕೆಟ್ಟು ಎಣ್ಣೆ ಸೋರಿತ್ತೆಂದು ಆಮೇಲೆ ವಿವರಿಸಲಾಯಿತು. ಚಳಿ, ಹಸಿವು, ದಣಿವುಗಳ ಜೊತೆಗೆ ಎಣ್ಣೆಯ ಕೊರತೆಯೂ ಸೇರಿ ಆ ತಂಡ ಮರಳಿ ಬರಲಿಲ್ಲ. ಶುಭಸಂದೇಶದ ಹತ್ತು ಕನ್ಯೆಯರ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಎಣ್ಣೆಯನ್ನು ಜೊತೆಯಲ್ಲಿ ಒಯ್ಯುವುದು ಹೇಗೆ ವಿವೇಕವೋ, ಮುಚ್ಚಳವನ್ನು ಪರೀಕ್ಷಿಸುವುದೂ ಹಾಗೆಯೇ ವಿವೇಕ. ಒಂದು ಜೊತೆ ವಾಷರ್, ರಂಧ್ರ ಶುಚಿಮಾಡುವ ಒಂದು ಪಿನ್ನು, ಪಂಪಿಗೆ ಒಂದು ಹನಿ ಎಣ್ಣೆ ಚೀಲದಲ್ಲಿರಲಿ. ತೂಕ ಹೆಚ್ಚೇನಿಲ್ಲ.

ಹಿಂಗಾರಿನ ಜೋಳ ತೆನೆ ಕಟ್ಟುವ ಜನವರಿಯ ಹೊತ್ತಿಗೆ ತಡವಳದ ಕಡೆ ಹೋಗಿ ನೋಡಿ. ಸೊಲ್ಲಾಪುರದಲ್ಲಿ ಆಗ ಸಿದ್ಧೇಶ್ವರ ಜಾತ್ರೆ. ಹೊಲಗಳಲ್ಲಿ ಸೀತನಿಯ ಕಾಲ ಹತ್ತಿರವಾಗಿರುತ್ತದೆ. ನಿಮ್ಮ ಒಲೆ ನಿಮ್ಮ ಬೆನ್ನ ಮೇಲಿದ್ದರೆ, ಯಾರ ತೊಗರಿ ಕಟ್ಟಿಗೆಯನ್ನೂ ಮುಟ್ಟದೆ, ಬೇವಿನ ಮರೆಯಲ್ಲಿ ಚಹಾ ಕಾಯಿಸಬಹುದು. ದಾರಿಯಲ್ಲಿ ಹೋಗುವವರು ಎಲ್ಲಿಂದ ಬಂದಿರಿ ಎಂದು ಕನ್ನಡದಲ್ಲೇ ಕೇಳುತ್ತಾರೆ. ಅವರಿಗೂ ಒಂದು ಲೋಟ ಹೆಚ್ಚಿಗೆ ಇಡಿ.