ನೆಲ್ಲಿಮರದ ಉಪ್ಪಿಲು

ರಕ್ತ ಹೀರುವ ದೆವ್ವದ ಕಥೆ ಹೇಳು ಅಂತೀರಿ. ನಾನು ಕಣ್ಣಾರೆ ಕಂಡದ್ದು ದೆವ್ವವನ್ನಲ್ಲ, ಗಿಡವನ್ನು. ಹೀರುವುದಂತೂ ನಿಜ. ಬೆಂಕಿಗೆ ಇನ್ನೆರಡು ಸೌದೆ ತಳ್ಳಿ, ಹೇಳುತ್ತೇನೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಆಗ ನೆಲ್ಲಿಕಾಯಿ ಕುಯ್ಲು. ಪೋಡಿನ, ಅಂದರೆ ಹಾಡಿಯ, ಸೋಲಿಗ ಬುಡಕಟ್ಟಿನವರ ಜೊತೆ ನಾನೂ ಹೊರಟಿದ್ದೆ. ಮುಂದೆ ಮಚ್ಚು ಹಿಡಿದ ಒಬ್ಬ ತಾತ, ಹಿಂದೆ ಚೀಲ ಹೊತ್ತ ಹುಡುಗರು. ಲಾಂಟಾನ ಪೊದೆ ಸವರಿಕೊಂಡು ದಿಣ್ಣೆ ಹತ್ತಿದರೆ ಅಲ್ಲೊಂದು ಹಳೆಯ ನೆಲ್ಲಿಮರ. ಎಲೆ ಉದುರಿ ಕೊಂಬೆಗಳೆಲ್ಲ ಬೋಳು, ನೆತ್ತಿಯಲ್ಲಿ ಮಾತ್ರ ದಟ್ಟ ಹಸಿರು ಪೊದೆ. ಕಾಯಿ ಹುಡುಕಿದರೂ ಇಲ್ಲ. ತಾತ ಮಚ್ಚನ್ನು ಅತ್ತ ಚಾಚಿ, "ಉಪ್ಪಿಲು. ಈ ಮರ ಇನ್ನು ಬಾಳ ದಿನ ಇರಾಕಿಲ್ಲ" ಅಂದರು.

ನಮ್ಮ ಮಾವಿನ ಮರಕ್ಕೆ ಹತ್ತುವ ಬದನಿಕೆಯ ಬಳಗದ್ದೇ ಅದು. ಹಸಿರೆಲೆ ಇದೆ, ಬಿಸಿಲಲ್ಲಿ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮರದ್ದು. ಪುಟ್ಟ ಬದನಿಕೆ ಹಕ್ಕಿ ಹಣ್ಣು ತಿಂದು ಬೀಜವನ್ನು ಕೊಂಬೆಗೆ ಮೆತ್ತಿ ಹಾರುತ್ತದೆ. ಬೀಜದ ಸುತ್ತ ಅಂಟು ಇರುವುದರಿಂದ ಅದು ಮಳೆಗೂ ಜಾರುವುದಿಲ್ಲ. ಮೊಳಕೆ ತೊಗಟೆ ಸೀಳಿ ಒಳಗಿಳಿಯಿತೆಂದರೆ ಮುಗಿಯಿತು.

ಒಬ್ಬ ಹುಡುಗ ಸರಸರ ಹತ್ತಿ ಕೊಂಬೆಯನ್ನೇ ಕಡಿದು ಕೆಡವಿದ. ಕೈಗೆತ್ತಿಕೊಂಡು ನೋಡಿದೆ. ಉಪ್ಪಿಲು ಕೂತ ಜಾಗ ಮುಷ್ಟಿಯಷ್ಟು ಗಂಟಾಗಿ ಊದಿತ್ತು. ಗಂಟಿನ ಈಚೆ ಕೊಂಬೆ ಹಸಿ, ಆಚೆ ತುದಿ ಒಣಗಿದ ಕಡ್ಡಿ. ಎಳೆ ಚಿಗುರಿನ ಮೇಲೆ ಬೆರಳಾಡಿಸಿದರೆ ಕಂದು ರೋಮ. ಗಂಟನ್ನು ಸೀಳಿದಾಗ ಮರದ ನಾರೆಲ್ಲಿ ಮುಗಿದು ಉಪ್ಪಿಲಿನದೆಲ್ಲಿ ಶುರುವಾಯಿತೋ ತಿಳಿಯಲೇ ಇಲ್ಲ. ಗಿಡವನ್ನಷ್ಟೇ ಕಿತ್ತರೆ ಮತ್ತೆ ಚಿಗುರುತ್ತದೆ. ಗಂಟಿನ ಕೆಳಗೆ ಕೊಂಬೆಯನ್ನೇ ಕಡಿಯಬೇಕು.

ರಾತ್ರಿ ಒಲೆ ಮುಂದೆ ತಾತ ಹಳೆಯದನ್ನು ತೆಗೆದರು. ಮೊದಲೆಲ್ಲ ಚಳಿ ಕಳೆಯುವ ಹೊತ್ತಿಗೆ ಕಾಡಿಗೆ ತರಗು ಬೆಂಕಿ ಹಾಕುತ್ತಿದ್ದರಂತೆ. ಒಣಗಿದ ಎಲೆ ಮಾತ್ರ ಉರಿದು, ನೆಲ ಸವರಿಕೊಂಡು ಹೋಗುವ ಬೆಂಕಿ. ಅದರ ಶಾಖಕ್ಕೆ ಉಪ್ಪಿಲು ಸಾಯುತ್ತಿತ್ತು, ಮರ ಉಳಿಯುತ್ತಿತ್ತು ಅಂದರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ನಿಂತಿತು. ಆಮೇಲೆ ಉಪ್ಪಿಲು ಹೆಚ್ಚಿತು ಎಂಬುದು ಸೋಲಿಗ ಹಿರಿಯರ ಮಾತು. 2010ರಲ್ಲಿ ಪ್ರಕಟವಾದ ವಿಜ್ಞಾನಿಗಳ ಅಧ್ಯಯನವೊಂದು ಈ ಮಾತನ್ನು ದಾಖಲಿಸಿದೆ.

ಹಾಗೆಂದು ಇವತ್ತು ಯಾರೋ ಹೋಗಿ ಕಡ್ಡಿ ಗೀರುವಂತಿಲ್ಲ. ಲಾಂಟಾನ ಆಳೆತ್ತರ ಬೆಳೆದು ನಿಂತಿದೆ; ಅದಕ್ಕೆ ತಗುಲಿದ ಬೆಂಕಿ ನೆಲದಲ್ಲಿ ನಿಲ್ಲದೆ ಮರದ ನೆತ್ತಿಗೇರುತ್ತದೆ. ತಾತನಿಗೂ ಅದು ಗೊತ್ತಿತ್ತು. "ಪೊದೆ ತೆಗೀಬೇಕು, ಆಮೇಲೆ ಬೆಂಕಿ" ಅಂದರು. ಅಷ್ಟು ಬಿಡಿಸಿ ಹೇಳಬಲ್ಲವರನ್ನು ಕಾಡಿಗೆ ಬೆಂಕಿ ಇಡುವವರು ಎಂದಷ್ಟೇ ಕಂಡದ್ದು ಅನ್ಯಾಯ.

2011ರಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು. ಕಾಯಿ ಕೊಯ್ಯುವ ಹಕ್ಕಿದ್ದರೆ ಸಾಲದು. ಯಾವ ಮರದ ಉಪ್ಪಿಲು ಕಡಿಯಬೇಕು, ಯಾವ ದಿಣ್ಣೆಗೆ ಯಾವಾಗ ತರಗು ಬೆಂಕಿ ಬೇಕು ಎಂದು ತೀರ್ಮಾನಿಸುವಾಗ ಮೊದಲು ಅವರನ್ನು ಕೇಳಿ.