ಒಂದು ನಿಮಿಷ ನಿಲ್ಲುವ ಊರು

ರೈಲ್ವೆ ನಿಲ್ದಾಣದ ಹಳದಿ ಹಲಗೆಗೆ ಸಂಕೋಚ ಎನ್ನುವುದೇ ಇಲ್ಲ. ಊರಿನ ಹೆಸರನ್ನು ಮೂರು ಲಿಪಿಗಳಲ್ಲಿ ಸಾರಿದ್ದು ಸಾಲದೆಂದು, ಆ ಊರು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬುದನ್ನೂ ಬರೆದುಕೊಂಡು ನಿಂತಿರುತ್ತದೆ. ಬೆಂಗಳೂರಿನ ಸುತ್ತಮುತ್ತ ಈ ಅಂಕಿ 900ರ ಆಸುಪಾಸು. ನಮ್ಮ ಹಾಲ್ಟಿನ ಹಲಗೆ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ. ಸಮುದ್ರದಿಂದ ಅಷ್ಟೆತ್ತರಕ್ಕೆ ಬಂದು ಕೂತ ನಿಲ್ದಾಣದ ಪ್ಲಾಟ್‌ಫಾರ್ಮು ಮಾತ್ರ ಹಳಿಯಿಂದ ಒಂದು ಗೇಣೂ ಮೇಲೆದ್ದಿರಲಿಲ್ಲ. ಅಲ್ಲಿ ನಿಂತವರಿಗೆ ಬೋಗಿಯ ಬಾಗಿಲು ಎದೆಮಟ್ಟಕ್ಕೆ ಬರುತ್ತಿತ್ತು.

ಹಾಲ್ಟಿನ ಹೆಸರು ಹೇಳುವುದಿಲ್ಲ. ಹೇಳಿದರೆ ಪಕ್ಕದ ಹಾಲ್ಟಿನವರು ‘ನಮ್ಮದೇನು ಕಮ್ಮಿ ದುಃಸ್ಥಿತಿಯೇ?’ ಎಂದು ಜಗಳಕ್ಕೆ ಬಂದಾರು. ಬೆಂಗಳೂರಿನ ಅಂಚಿನಲ್ಲಿ, ನಿನ್ನೆಯವರೆಗೆ ರಾಗಿ ಹೊಲವಾಗಿದ್ದು ಇವತ್ತು ಸೈಟುಗಳಾಗಿರುವ ಜಾಗದಲ್ಲಿ, ಎರಡು ಹೊಂಗೆಮರ, ತಗಡಿನ ಒಂದು ಮಾಡು, ನೀರು ಬಾರದ ಒಂದು ನಲ್ಲಿ, ಬೀಗ ಜಡಿದ ಟಿಕೆಟ್ ಕಿಂಡಿ ಇಷ್ಟನ್ನು ಊಹಿಸಿಕೊಂಡರೆ ಸಾಕು. ಕಿಂಡಿಯ ಒಳಗೆ ಒಂದು ಹಲ್ಲಿ ಕಾಯಂ ನೌಕರಿಯಲ್ಲಿತ್ತು.

ರೈಲ್ವೆಯವರ ಲೆಕ್ಕದಲ್ಲಿ ಪ್ಲಾಟ್‌ಫಾರ್ಮುಗಳಿಗೆ ಮೂರು ಎತ್ತರ. ಹಳಿಯ ಮಟ್ಟದ್ದು ಒಂದು. ಹಳಿಯಿಂದ 455 ಮಿಲಿಮೀಟರ್ ಎದ್ದದ್ದು ಇನ್ನೊಂದು. 760ರಿಂದ 840 ಮಿಲಿಮೀಟರ್ ಎದ್ದದ್ದು ಮೂರನೆಯದು. ಮೂರನೆಯದರ ಮೇಲೆ ನಿಂತ ಭಾಗ್ಯವಂತರು ರೈಲಿಗೆ ಕಾಲಿಡುತ್ತಾರೆ. ಎರಡನೆಯದರವರು ಹತ್ತುತ್ತಾರೆ. ಮೊದಲನೆಯದರವರು ಏರಬೇಕು. ಏರುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಬುಟ್ಟಿ, ಆಮೇಲೆ ಮಗು, ಅದರ ಹಿಂದೆ ಮಗುವಿನ ತಾಯಿ, ಕೊನೆಗೆ ಆಕೆಯ ಕಾಲಿನಿಂದ ಜಾರಿದ ಚಪ್ಪಲಿ. ಮೇಲಿದ್ದವರು ಕೈ ಕೊಡಬೇಕು, ಕೆಳಗಿದ್ದವರು ಹೆಗಲು ಕೊಡಬೇಕು. ರೈಲು ನಿಲ್ಲುವುದು ಒಂದೇ ನಿಮಿಷ. ಆ ಒಂದು ನಿಮಿಷದಲ್ಲಿ ಯಾರು ಯಾವ ಊರಿನವರು, ಯಾರು ಯಾವ ಪಕ್ಷದವರು ಎಂದು ಯಾರೂ ಕೇಳುವುದಿಲ್ಲ. ಹಿಂದಿನ ದಿನ ಕಸದ ವಿಷಯಕ್ಕೆ ಕಿತ್ತಾಡಿದವರು ಒಬ್ಬರನ್ನೊಬ್ಬರು ರಟ್ಟೆ ಹಿಡಿದು ಮೇಲಕ್ಕೆಳೆದು, ರೈಲು ಹೊರಟ ಮೇಲೆ ಮತ್ತೆ ಮುಖ ತಿರುಗಿಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಈ ಏರುವ ವಿದ್ಯೆಯಲ್ಲಿ ನಮ್ಮೆಲ್ಲರಿಗೂ ಗುರು ಹೂವಿನಜ್ಜಿ. ಕೆ.ಆರ್. ಮಾರ್ಕೆಟ್ಟಿನಿಂದ ಬಿಡಿ ಹೂವು ತಂದು, ಕಟ್ಟಿ, ಬಡಾವಣೆಯ ಬಾಗಿಲು ಬಾಗಿಲಿಗೆ ಮಾರುವಾಕೆ. ವಯಸ್ಸು ಆಕೆಗೂ ಗೊತ್ತಿಲ್ಲ, ಆಧಾರ್ ಕಾರ್ಡಿಗೂ ಸರಿಯಾಗಿ ಗೊತ್ತಿಲ್ಲ. ಪುಷ್‌ಪುಲ್ ರೈಲು ಬಂದು ನಿಂತರೆ ಕಂಬಿ ಹಿಡಿದು, ಮಂಡಿಯೂರಿ, ಒಂದು ಹೊರಳು ಹೊರಳಿ ಒಳಗೆ ಬಿದ್ದು, ಅಲ್ಲೇ ಕೂತು ಎಲೆಅಡಿಕೆ ಚೀಲ ಬಿಚ್ಚುತ್ತಿದ್ದಳು. ಹಾಲ್ಟನ್ನು ಸುಧಾರಿಸಿ ಎಂದು ರೈಲ್ವೆಯವರಿಗೆ ಬರೆದ ಮೊದಲ ಮನವಿಗೆ ಸಹಿ ಹಾಕಿಸಲು ನಾವು ಒಂದಷ್ಟು ಜನ ಹೋದಾಗ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

“ಇದುಕ್ಕೆ ಹೆಬ್ಬೆಟ್ ಒತ್ತುದ್ರೆ ರೈಲು ಕೆಳಕ್ ಇಳೀತದೇನಪ್ಪಾ?”

“ಇಲ್ಲ ಅಜ್ಜಿ, ಪ್ಲಾಟ್‌ಫಾರ್ಮು ಮೇಲಕ್ಕೆ ಏಳತ್ತೆ.”

“ನಾ ಇರೋಗಂಟ ಏಳ್ತದಾ?”

ಯೋಜನಾ ವರದಿಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ನಾನು ನೋಡಿಲ್ಲ.

ಮನವಿ ಬರೆಯುತ್ತಿದ್ದವರು ನಿವೃತ್ತ ಮೇಷ್ಟ್ರು. ಅವರ ಮನವಿಗೆ ಒಂದು ರಾಗವಿತ್ತು. ‘ಮಾನ್ಯರೇ’ ಎಂದು ಶುರುವಾಗಿ, ನಾಡಿನ ರೈಲ್ವೆ ಚರಿತ್ರೆಯ ಒಂದು ಆಲಾಪವಾಗಿ, 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂದದ್ದನ್ನು ಸ್ಮರಿಸಿ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ ಸಣ್ಣ ಹಳಿಯ ರೈಲನ್ನು ಮಾತಾಡಿಸಿ, ಆ ಮಾರ್ಗದ ನಂದಿ ಹಾಲ್ಟ್, ದೊಡ್ಡಜಾಲದಂಥ ಹಳೆಯ ಕಲ್ಲುಕಟ್ಟಡಗಳ ಅಂದವನ್ನು ಹೊಗಳಿ, ನಾಲ್ಕನೆಯ ಪುಟದಲ್ಲಿ ನಮ್ಮ ನಲ್ಲಿಗೆ ನೀರು ಬೇಕೆಂಬ ಪಲ್ಲವಿಗೆ ಬಂದು ನಿಲ್ಲುತ್ತಿತ್ತು. ನಮ್ಮ ಗುಂಪಿನ ಎಂಜಿನಿಯರ್ ಹುಡುಗ “ಸಾರ್, ಸಾಹೇಬರು ಮೊದಲನೇ ಪುಟ ಮಾತ್ರ ಓದ್ತಾರೆ, ನೀರನ್ನ ಮೇಲಕ್ಕೆ ತನ್ನಿ” ಎಂದು ಗೋಗರೆಯುತ್ತಿದ್ದ. “ಹಿನ್ನೆಲೆ ಗೊತ್ತಿಲ್ಲದವನಿಗೆ ನೀರಿನ ಬೆಲೆ ಹೇಗಯ್ಯ ಗೊತ್ತಾಗುತ್ತೆ?” ಎಂದು ಮೇಷ್ಟ್ರು 1864ನ್ನು ಬಿಟ್ಟುಕೊಡುತ್ತಿರಲಿಲ್ಲ.

ಸಹಿ ಸಂಗ್ರಹ ಎನ್ನುವುದು ಮನುಷ್ಯಸ್ವಭಾವದ ದೊಡ್ಡ ಪ್ರದರ್ಶನ. ದಿನವೂ ರೈಲು ಹತ್ತುವವರು ‘ಏನಾದ್ರೂ ತೊಂದರೆ ಆಗತ್ತಾ?’ ಎಂದು ಹಿಂಜರಿಯುತ್ತಾರೆ. ಜನ್ಮದಲ್ಲಿ ರೈಲು ಹತ್ತದವರು ಪೆನ್ನು ಕಸಿದುಕೊಂಡು ಸೊಗಸಾಗಿ ಸಹಿ ಹಾಕಿ, ‘ಅಂದಹಾಗೆ ಸ್ಟೇಷನ್ನು ಎಲ್ಲಿದೆ?’ ಎನ್ನುತ್ತಾರೆ. ಸೈಟು ವ್ಯಾಪಾರದ ಒಬ್ಬ ಮಹನೀಯರು ಮಾತ್ರ ಸಹಿ ಹಾಕಲೇ ಇಲ್ಲ. ‘ರೈಲು ಬಂದ್ರೆ ಕಂಡಕಂಡವರೆಲ್ಲ ಬರ್ತಾರೆ. ಏರಿಯಾ ಕೆಡತ್ತೆ’ ಎಂದು ಕೈ ಮುಗಿದು ಕಳಿಸಿದರು. ಅವರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಮನವಿ ಹಿಡಿದು ಹೋದ ಕಚೇರಿಯಲ್ಲಿ ನಮ್ಮನ್ನು ಯಾರೂ ಗದರಲಿಲ್ಲ. ಕೂರಿಸಿದರು, ಕಾಫಿ ಕೊಟ್ಟರು. ಕಾಫಿ ಕೊಟ್ಟ ಕಡೆ ಕೆಲಸವಾಗುವುದಿಲ್ಲ ಎಂಬುದು ಮೇಷ್ಟ್ರ ನಂಬಿಕೆ. ಅಧಿಕಾರಿ ಕಂಪ್ಯೂಟರಿನಲ್ಲಿ ನಮ್ಮ ಹಾಲ್ಟನ್ನು ಹುಡುಕಿ ತೆಗೆದು ಪಾಪ ಅನ್ನಿಸುವಂತೆ ಮುಖ ಮಾಡಿದರು.

“ನಿಮ್ಮಲ್ಲಿ ಟಿಕೆಟ್ ಸೇಲೇ ಇಲ್ಲವಲ್ಲ ಮೇಷ್ಟ್ರೇ.”

“ಟಿಕೆಟ್ ಮಾರೋರೇ ಇಲ್ಲವಲ್ಲ ಸಾರ್.”

“ಸೇಲ್ ಇಲ್ಲದ ಕಡೆ ಮಾರೋಕೆ ಯಾರು ಬರ್ತಾರೆ ಹೇಳಿ?”

ನಮ್ಮ ಹೋರಾಟದ ಎಲ್ಲ ಸಾರವೂ ಈ ಮೂರು ಮಾತಿನಲ್ಲಿತ್ತು. 2017ರಿಂದ ಈಚೆಗೆ ದೇಶದ ನಿಲ್ದಾಣಗಳನ್ನು ಮೂರು ಗುಂಪು ಮಾಡಿದ್ದಾರೆ: ಉಪನಗರದವು, ಉಪನಗರದವಲ್ಲದವು, ಹಾಲ್ಟುಗಳು. ಹಾಲ್ಟುಗಳಲ್ಲಿ ಮತ್ತೆ ಮೂರು ದರ್ಜೆ. ವರ್ಷಕ್ಕೆ ಎಷ್ಟು ದುಡ್ಡು ಹುಟ್ಟಿತು, ಎಷ್ಟು ಜನ ಅಲ್ಲಿಂದ ಹೊರಟರು ಎಂಬುದರ ಮೇಲೆ ದರ್ಜೆ. ದರ್ಜೆಗೆ ತಕ್ಕಂತೆ ಬೆಂಚು, ನಲ್ಲಿ, ದೀಪ, ನೆರಳು. ವರ್ಷಕ್ಕೆ 1 ಲಕ್ಷದೊಳಗೆ ಜನ ಹೊರಡುವ ಹಾಲ್ಟಿಗೆ ಸಾಲಿನ ಕೊನೆಯ ಜಾಗ. 3 ಲಕ್ಷ ದಾಟಿದ್ದಕ್ಕೆ ಮೊದಲ ಪಂಕ್ತಿ. ನಮ್ಮಲ್ಲಿ ಬೆಳಗಿನ ಹೊತ್ತು ನಿಲ್ಲಲು ಜಾಗವಿರುತ್ತಿರಲಿಲ್ಲ. ಆದರೆ ಪಾಸಿನವರು ದೊಡ್ಡ ಸ್ಟೇಷನ್ನಿನಲ್ಲೇ ಪಾಸು ಮಾಡಿಸುತ್ತಿದ್ದರು. ಮೊಬೈಲು ಬಲ್ಲ ಹುಡುಗರು ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಉಳಿದವರು ದೇವರ ಮೇಲೆ ಭಾರ ಹಾಕಿ ಹತ್ತುತ್ತಿದ್ದರು. ಹೀಗಾಗಿ ಬೆವರು, ನೂಕಾಟ, ಬೈಗುಳ ಎಲ್ಲದರಲ್ಲೂ ನಾವಿದ್ದೆವು. ನಮ್ಮ ಹಾಲ್ಟಿನ ಕಿಂಡಿಯ ಲೆಕ್ಕದಲ್ಲಿ ಮಾತ್ರ ಇರಲಿಲ್ಲ.

ಬೆಂಗಳೂರಿಗೆ ‘ಬೇಡ’ ಎನ್ನುವುದು ಚೆನ್ನಾಗಿ ಬರುತ್ತದೆ. 2016ರಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಊರಿಗೆ ಊರೇ ರಸ್ತೆಯಲ್ಲಿ ಕೈಕೈ ಹಿಡಿದು ನಿಂತಿತು. ಮರುವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಅದರ ಬೆನ್ನಿಗೇ ‘ಚುಕುಬುಕು ಬೇಕು’ ಎಂಬ ಕೂಗೂ ಎದ್ದಿತು. ಬೇಡ ಎನ್ನುವುದಕ್ಕೆ ಒಂದು ಭಾನುವಾರ ಸಾಕು. ಬೇಕು ಎಂದವರು ವರ್ಷಗಟ್ಟಲೆ ಬೇಕು ಎನ್ನುತ್ತಲೇ ಇರಬೇಕು. ಕೂಗಿಗೆ ಉತ್ತರವಾಗಿ ಉಪನಗರ ರೈಲು ಯೋಜನೆ ಬಂತು. ಸುಮಾರು 148 ಕಿಲೋಮೀಟರ್, ನಾಲ್ಕು ಮಾರ್ಗ, 2022ರ ಜೂನಿನಲ್ಲಿ ಶಂಕುಸ್ಥಾಪನೆ. ಮಾರ್ಗಗಳಿಗೆ ಇಟ್ಟ ಹೆಸರು ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಮೇಷ್ಟ್ರು ಪೇಪರಿನಿಂದ ಇದನ್ನು ಓದಿ ಹೇಳಿದಾಗ ಹೂವಿನಜ್ಜಿ ಕಸುಬಿನವಳಂತೆ ಒಂದು ಕ್ಷಣ ಯೋಚಿಸಿದಳು. “ಸಂಪಿಗೆ ಸರಿ, ಮಲ್ಲಿಗೆ ಸರಿ. ಪಾರಿಜಾತ ಯಾಕ್ ಇಟ್ರು? ಮುಟ್ಟುದ್ರೆ ಬಾಡ್ತದೆ ಅದು. ಯಾಪಾರಕ್ಕಾಗಲ್ಲ.” ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗಬೇಕಾದ ಆ ಮಾರ್ಗದ ಬಗ್ಗೆ ನಾನು ಪತ್ರಿಕೆಗಳಲ್ಲಿ ಓದಿದ ಯಾವ ವಿಮರ್ಶೆಯೂ ಇಷ್ಟು ಚಿಕ್ಕದಾಗಿರಲಿಲ್ಲ.

ಹೊಸ ಹೂವುಗಳು ಅರಳುವುದಕ್ಕೆ ಬಹಳ ಮುಂಚಿನಿಂದಲೂ ಈ ಊರಿಗೆ ಉಪನಗರ ರೈಲು ಇದ್ದೇ ಇದೆ. ಹಾಗೆಂದು ಯಾರೂ ಕರೆದಿರಲಿಲ್ಲ, ಅಷ್ಟೆ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನರ ಹೊಟ್ಟೆಪಾಡು ಮಾರಿಕುಪ್ಪಂನಿಂದ ಹೊರಡುವ ರೈಲಿಗೆ ಬಂದು ನಿಂತಿತು. 80ಕ್ಕೂ ಹೆಚ್ಚು ಕಿಲೋಮೀಟರು ಬೆಳಗ್ಗೆ ಬರುವುದು, ಅಷ್ಟೇ ದೂರ ರಾತ್ರಿ ಹೋಗುವುದು. ತಿಂಗಳ ಪಾಸು 150 ಕಿಲೋಮೀಟರಿನವರೆಗೂ ಸಿಗುವುದರಿಂದ ಬಂಗಾರಪೇಟೆ, ಮಾಲೂರು, ತುಮಕೂರು, ಮಂಡ್ಯ ಎಲ್ಲವೂ ಬೆಂಗಳೂರಿನ ಬಡಾವಣೆಗಳೇ. ಈ ಪಾಸಿನವರ ಲೋಕವೇ ಬೇರೆ. ಅವರಿಗೆ ಇಂಥದೇ ಬೋಗಿ, ಇಂಥದೇ ಕಿಟಕಿ. ಒಬ್ಬ ಬರದಿದ್ದರೆ ಉಳಿದವರು ಫೋನು ಹಚ್ಚುತ್ತಾರೆ. ಟವೆಲು ಹಾಸಿ ಇಸ್ಪೀಟು ಆಡುವವರು, ಸೊಪ್ಪು ಬಿಡಿಸುವವರು, ನಿಂತಲ್ಲೇ ನಿದ್ದೆ ತೆಗೆಯುವವರು. ನಮ್ಮ ಹಾಲ್ಟಿನವರಿಗೆ ಧೈರ್ಯ ಕಲಿಸಿದವರು ಇಂಥವರೇ. “ಟಿಕೆಟ್ ತೋರ್ಸಿ ಕೇಳಿ ಸಾರ್. ಟಿಕೆಟ್ ಇಲ್ಲದೋರ ಮಾತು ರೈಲ್ವೇಲಿ ಯಾರೂ ಕೇಳಲ್ಲ” ಎಂದ ಒಬ್ಬ ಹಳೇ ಪಾಸುದಾರ.

ಅಲ್ಲಿಂದ ನಮ್ಮ ಚಳವಳಿಯ ದಿಕ್ಕು ಬದಲಾಯಿತು. ಹಾಲ್ಟುಗಳಲ್ಲಿ ಟಿಕೆಟ್ ಮಾರಲು ಏಜೆಂಟರನ್ನು ನೇಮಿಸುವ ಪದ್ಧತಿ ಹಳೆಯದು. ಸಂಬಳವಿಲ್ಲ, ಮಾರಿದ್ದಕ್ಕೆ ಕಮಿಷನ್. ನಮ್ಮಂಥ ಕಡೆ ಆ ಕಮಿಷನ್ನಿನಲ್ಲಿ ಒಂದು ಹೊತ್ತಿನ ಚಹಾ ಹುಟ್ಟಿದರೆ ಹೆಚ್ಚು. ಕೊನೆಗೆ ಸ್ಟೇಷನ್ನಿನ ಎದುರಿನ ಟೀ ಅಂಗಡಿಯವನ ತಮ್ಮ ಅರ್ಜಿ ಹಾಕಿದ. ಹಲ್ಲಿಯನ್ನು ನಿವೃತ್ತಿಗೊಳಿಸಿ ಕಿಂಡಿಯ ಬೀಗ ತೆಗೆಯಲಾಯಿತು. ಎಂಜಿನಿಯರ್ ಹುಡುಗ ಲೆಕ್ಕ ಹಾಕಿದ: 1 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 274 ಜನ. ‘ಇನ್ನೂರೆಪ್ಪತ್ನಾಲ್ಕು’ ಎಂಬುದು ನಮ್ಮ ಘೋಷಣೆಯಾಯಿತು. ಅದನ್ನು ಕೂಗಲಾಗುತ್ತಿರಲಿಲ್ಲ, ಉದ್ದವಾಯಿತು. ಟೀ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಲೆಕ್ಕ ಬರೆಯತೊಡಗಿದೆವು. ಕ್ರಿಕೆಟ್ ಸ್ಕೋರು ಕೇಳುತ್ತಿದ್ದವರು ‘ಇವತ್ತೆಷ್ಟಾಯ್ತು?’ ಎಂದು ಟಿಕೆಟ್ ಸ್ಕೋರು ಕೇಳತೊಡಗಿದರು.

ಟಿಕೆಟ್ ತೆಗೆಯುವ ಅಭ್ಯಾಸ ಒಂದು ಬಾರಿ ಹೋದರೆ ಮತ್ತೆ ಬರುವುದು ಕಷ್ಟ. ‘ಚೆಕಿಂಗೇ ಇಲ್ಲ, ಹತ್ತು ರೂಪಾಯಿ ಯಾಕೆ ದಂಡ?’ ಎನ್ನುವ ಹುಡುಗರಿಗೆ ಮೇಷ್ಟ್ರು ನೀತಿ ಬೋಧಿಸಿ ಸೋತರು. ಗೆದ್ದವಳು ಅಜ್ಜಿ. “ಹತ್ತು ರೂಪಾಯ್ಗೆ ಒಂದ್ ಮೊಳ ಹೂವ ಬರಲ್ಲ, ಬೆಂಚು ಬರ್ತದಂತೆ. ತಕ್ಕಳ್ರೋ” ಎಂದಳು. ಸರದಿಯಲ್ಲಿ ಮೊದಲು ನಿಲ್ಲುತ್ತಿದ್ದವಳೂ ಅವಳೇ. ಮೇಷ್ಟ್ರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಕೆಲಸವಿಲ್ಲದಿದ್ದರೂ ಮುಂದಿನ ಸ್ಟೇಷನ್ನಿಗೆ ಹೋಗಿ ಕಡಲೆಕಾಯಿ ತಿಂದು ಬರುತ್ತಿದ್ದರು. ಈ ದೇಶಸೇವೆಯಲ್ಲಿ ನಾನೂ ಹಿಂದೆ ಬಿದ್ದಿಲ್ಲ. ಕಾರಣವಿಲ್ಲದ ಪ್ರಯಾಣದ ಸುಖ ಅನುಭವಿಸಿದವರಿಗೇ ಗೊತ್ತು. ಕಿಟಕಿಯಲ್ಲಿ ಬೆಂಗಳೂರಿನ ಬೆನ್ನು ಕಾಣುತ್ತದೆ: ಅಪಾರ್ಟ್‌ಮೆಂಟುಗಳ ಬಾಲ್ಕನಿಯಲ್ಲಿ ಒಣಗುವ ಪಂಚೆ, ಉಳಿದುಕೊಂಡ ಒಂದು ಬಾವಿ, ಗೇಟು ಬಿದ್ದು ಅಷ್ಟುದ್ದಕ್ಕೂ ನಿಂತ ಕಾರುಗಳು. ಆ ಕಾರುಗಳನ್ನು ಹತ್ತು ರೂಪಾಯಿಯ ಗತ್ತಿನಲ್ಲಿ ದಾಟಿ ಹೋಗುವಾಗ ನನಗೆ ಆಗುವ ಸಂತೋಷ ಅಷ್ಟು ಸಾತ್ವಿಕವಾದದ್ದಲ್ಲ.

ಗೋಡೆಯ ಮೇಲಿನ ಅಂಕಿ ಏರಿತು. ಅದು ಏರಿದ ಮೇಲೆ ನಮ್ಮ ಮನವಿಗೆ ಮೊದಲ ಬಾರಿ ಲಿಖಿತ ಉತ್ತರ ಬಂತು. ಉತ್ತರದ ಹಿಂದೆ ಇನ್‌ಸ್ಪೆಕ್ಷನ್ ಬಂತು. ಇನ್‌ಸ್ಪೆಕ್ಷನ್ನಿನ ಹಿಂದಿನ ರಾತ್ರಿ ಗಿಡಗಂಟಿ ಮಾಯವಾಗಿ, ಕಲ್ಲುಗಳಿಗೆ ಸುಣ್ಣ ಬಿದ್ದು, ನಲ್ಲಿಯಲ್ಲಿ ನೀರು ಬಂತು. ಸಾಹೇಬರು ನೀರು ಕುಡಿದು ಚೆನ್ನಾಗಿದೆ ಎಂದರು. ಮರುದಿನ ನಲ್ಲಿ ಮೊದಲಿನಂತಾಯಿತು. ಆದರೆ ಸಾಹೇಬರು ಬಂದ ಗಾಡಿಯಿಂದ ಇಳಿಯುವಾಗ ನಮ್ಮ ಪ್ಲಾಟ್‌ಫಾರ್ಮು ಅವರಿಗೂ ಎಟುಕಲಿಲ್ಲ. ಇಬ್ಬರು ರಟ್ಟೆ ಹಿಡಿದು ಇಳಿಸಬೇಕಾಯಿತು. ಮೇಷ್ಟ್ರ ನಾಲ್ಕು ಪುಟ ಹೇಳಲಾರದ್ದನ್ನು ಆ ನಾಲ್ಕಡಿ ಹೇಳಿತು.

ಪ್ಲಾಟ್‌ಫಾರ್ಮು ಎದ್ದಿತು. ಬೆಂಚು ಬಂತು, ದೀಪ ಬಂತು, ಹಳಿಯ ಪಕ್ಕ ಬೇಲಿಯೂ ಬಂತು. ಅಜ್ಜಿ ಈಗ ಹೊರಳದೆ ನಡೆದೇ ಒಳಗೆ ಹೋಗುತ್ತಾಳೆ. ಆದರೆ ಬೇಲಿಯಿಂದಾಗಿ ಹಳಿ ದಾಟುವಂತಿಲ್ಲ, ಸುತ್ತುಬಳಸಿ ಬರಬೇಕು. “ಒಂದ್ ಕಡೆ ಎತ್ರ ಮಾಡಿ ಇನ್ನೊಂದ್ ಕಡೆ ದೂರ ಮಾಡುದ್ರಿ” ಎಂದು ನಮ್ಮನ್ನೇ ಬೈಯುತ್ತಾಳೆ. ಆಕೆಯ ಮಾತು ಸರಿ. ಮೇಷ್ಟ್ರು ಮೇಲ್ಸೇತುವೆಗೆ, ಅದಕ್ಕೆ ಮೆಟ್ಟಿಲಿನ ಜೊತೆಗೆ ಇಳಿಜಾರು ದಾರಿಗೂ ಮನವಿ ಬರೆಯುತ್ತಿದ್ದಾರೆ; ಕೇಳಿದರೆ ಇನ್ನೂ 1864ರಲ್ಲಿದ್ದೇನೆ ಎನ್ನುತ್ತಾರೆ.

ಸಹಿ ಹಾಕದ ಮಹನೀಯರು ಮೊನ್ನೆ ರಸ್ತೆಬದಿಯಲ್ಲಿ ಒಂದು ಫ್ಲೆಕ್ಸು ನಿಲ್ಲಿಸಿದ್ದಾರೆ. ‘ರೈಲ್ವೆ ಸ್ಟೇಷನ್ನಿಗೆ ಐದೇ ನಿಮಿಷ’ ಎಂಬ ಸಾಲಿನ ಕೆಳಗೆ ನಮ್ಮದೇ ಪ್ಲಾಟ್‌ಫಾರ್ಮಿನ ಫೋಟೋ. ಫೋಟೋದ ಮೂಲೆಯಲ್ಲಿ, ಬುಟ್ಟಿಯ ಸಮೇತ, ಹೂವಿನಜ್ಜಿಯ ಅರ್ಧ ಬೆನ್ನು. ಎಂಜಿನಿಯರ್ ಹುಡುಗನಿಗೆ ರೇಗಿಹೋಯಿತು. ಹೋಗಿ ನಾಲ್ಕು ಮಾತು ಕೇಳಿ ಬರೋಣ ಎಂದ. ನನಗೆ ಹಾಗನ್ನಿಸಲಿಲ್ಲ. ಅವರು ಐವತ್ತು ಸೈಟು ಮಾರಿದರೆ ಐವತ್ತು ಮನೆ, ಮನೆಗೆ ಇಬ್ಬರು ಹೊರಟರೂ ದಿನಕ್ಕೆ ನೂರು. ಗೋಡೆಯ ಮೇಲಿನ ನಮ್ಮ ಅಂಕಿ 3 ಲಕ್ಷದ ಕಡೆಗೆ ನಡೆಯಬೇಕಾದರೆ ಅವರೂ ಬೇಕು. ಆ ಮಹನೀಯರ ಬಳಿ ಸೈಟು ಕೊಳ್ಳುವವರೆಲ್ಲ ಧಾರಾಳವಾಗಿ ಬರಲಿ. ಬಂದ ಮೇಲೆ ಟಿಕೆಟ್ಟನ್ನು ಮಾತ್ರ ನಮ್ಮ ಕಿಂಡಿಯಲ್ಲೇ ತೆಗೆದುಕೊಳ್ಳಲಿ.