ಅತ್ತೆಯ ದನಿ

ವಿಡಿಯೋ ಫೈಲೆಂಬುದು ಒಂದು ವಠಾರ. ಚಿತ್ರ ಒಬ್ಬ ಬಾಡಿಗೆದಾರ, ದನಿ ಇನ್ನೊಬ್ಬ. ಹೆಬ್ಬಾಗಿಲು ಒಂದೇ, ಆಡುವ ಭಾಷೆ ಬೇರೆ ಬೇರೆ. ಹೊರಗೆ ‘ತ್ರೀಜಿಪಿ’ ಎಂದೋ ‘ಎಂಪಿ4’ ಎಂದೋ ಹಲಗೆ ತೂಗುಹಾಕಿದ ಮಾತ್ರಕ್ಕೆ ಒಳಗಿನವರ ಭಾಷೆ ತಿಳಿಯುವುದುಂಟೆ?

2008ರಲ್ಲಿ ನನ್ನ ಮೊಬೈಲಿನಲ್ಲಿ ಹಿಡಿದಿಟ್ಟ ಸೋದರತ್ತೆಯ ಆರತಿ ಹಾಡೊಂದಿತ್ತು. ಅತ್ತೆ ಈಗಿಲ್ಲ. ಅವರ ಮಗಳಿಗೆ ಕಳಿಸೋಣವೆಂದು ಅದನ್ನು ಎಂಪಿ4ಕ್ಕೆ ಬದಲಿಸಿದರೆ, ಅತ್ತೆ ಬಾಯಾಡಿಸುತ್ತಿದ್ದಾರೆ, ದನಿಯೇ ಇಲ್ಲ! ಪುಕ್ಕಟೆ ಸಿಕ್ಕಿದ ಆ ತಂತ್ರಾಂಶವೋ ‘ಕೆಲಸ ಮುಗಿಯಿತು’ ಎಂದು ಬೀಗುತ್ತಿತ್ತು. ಅರ್ಧ ಸಾಮಾನು ಬಿಟ್ಟು ಬಂದ ಗಾಡಿಯವನೂ ಇಷ್ಟು ಧೈರ್ಯವಾಗಿ ಬಾಡಿಗೆ ಕೇಳಲಾರ.

ಮೂಲ ಫೈಲು ಭದ್ರವಾಗಿತ್ತು. ಅದನ್ನು ‘ಮೀಡಿಯಾಇನ್ಫೋ’ದಲ್ಲಿ ತೆರೆದಾಗ ಗುಟ್ಟು ಹೊರಬಿತ್ತು: ದನಿಯಿದ್ದದ್ದು ಎಎಂಆರ್ ಎಂಬ ಸಂಕೇತದಲ್ಲಿ. 1999ರಲ್ಲಿ ಮೊಬೈಲ್ ಮಾತಿಗೆಂದು ಒಪ್ಪಿಕೊಂಡ ಪದ್ಧತಿಯದು. ಸಿ.ಡಿ. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದರೆ ಇದು 8,000 ಸಲ. ಹಾಡಿಗಲ್ಲ, ‘ಹಲೋ’ಗೆ ಸಾಕು. ಅದನ್ನು ಬಿಡಿಸಿ ಓದಬಲ್ಲ ಡಿಕೋಡರ್ ಆ ತಂತ್ರಾಂಶದಲ್ಲಿರಲಿಲ್ಲ. ‘ಎಫ್‌ಎಫ್‌ಎಂಪೆಗ್’ನಲ್ಲಿತ್ತು; ದನಿಯನ್ನು ಎಎಸಿಗೆ ಬದಲಿಸೆಂದು ಅದಕ್ಕೆ ಅಪ್ಪಣೆಯಿತ್ತೆ.

ಅತ್ತೆ ಹಾಡಿದರು, ಡಬ್ಬದೊಳಗಿನಿಂದ ಕೂಗಿದಂತೆ. ಎರಡನೆಯ ನುಡಿಯ ನಡುವೆ ಕೆಮ್ಮುತ್ತಾರೆ. ಮಗಳು ಆ ಕೆಮ್ಮನ್ನೇ ಮೂರು ಸಲ ಕೇಳಿದಳಂತೆ.